ಓಡು, ಹರಿ, ನಡೆ: ‘ರನ್’ ಎಂಬ ಕ್ರಿಯಾಪದದ ಬೆನ್ನು ಹತ್ತಿ

ಇಂಗ್ಲಿಷ್ ಕಲಿಕೆಯ ಮೊದಲ ಪುಟಗಳಲ್ಲೇ ‘ರನ್’ ಎಂಬ ಕ್ರಿಯಾಪದ ಎದುರಾಗುತ್ತದೆ. ಮೂರು ಅಕ್ಷರಗಳ ಪುಟ್ಟ ಪದ, ಪಕ್ಕದಲ್ಲಿ ಓಡುತ್ತಿರುವ ಹುಡುಗನ ಚಿತ್ರ, ಕೆಳಗೆ ‘ಓಡು’ ಎಂಬ ಅರ್ಥ. ಅಷ್ಟಕ್ಕೆ ಪಾಠ ಮುಗಿಯುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರಿಗೆ ಮಾತ್ರ ಅದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. 2011ರಲ್ಲಿ ಅವರು ಈ ಪದದ ನಮೂದನ್ನು ಪರಿಷ್ಕರಿಸಿ ಮುಗಿಸಿದಾಗ ಕ್ರಿಯಾಪದವೊಂದಕ್ಕೇ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕಿದ್ದವು. ನಾಮಪದದ ಅರ್ಥಗಳು ಇದರ ಹೊರಗೆ. ಆ ನಮೂದಿನ ಹೊಣೆ ಹೊತ್ತಿದ್ದ ಪೀಟರ್ ಗಿಲಿವರ್ ಅವರಿಗೆ ಅದೊಂದಕ್ಕೇ ಸುಮಾರು ಒಂಬತ್ತು ತಿಂಗಳು ಹಿಡಿಯಿತು.

ಅದಕ್ಕೂ ಮೊದಲು ಆ ನಿಘಂಟಿನ ಅತಿ ದೊಡ್ಡ ನಮೂದು ಎಂಬ ಪಟ್ಟ ಬೇರೆ ಪದಗಳದಾಗಿತ್ತು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಕ್ರಿಯಾಪದದ್ದೇ ಅತಿ ಉದ್ದದ ನಮೂದು. ಅದರ ಅರ್ಥಗಳ ಸಂಖ್ಯೆ 430ರ ಆಸುಪಾಸಿನಲ್ಲಿತ್ತು. ಮೂರನೆಯ ಆವೃತ್ತಿಗಾಗಿ ‘ಎಂ’ ಅಕ್ಷರದಿಂದ ಪರಿಷ್ಕರಣೆ ಆರಂಭವಾದ ಮೇಲೆ 2000ದಲ್ಲಿ ‘ಮೇಕ್’ ಅದನ್ನು ಹಿಂದಿಕ್ಕಿತು, 2007ರಲ್ಲಿ ‘ಪುಟ್’ ಮುಂದೆ ಬಂತು, 2011ರಲ್ಲಿ ‘ರನ್’. ಈ ನಾಲ್ಕೂ ಪದಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವೆಲ್ಲವೂ ಚಿಕ್ಕ ಪದಗಳು, ಹಳೆಯ ಪದಗಳು, ದಿನವೂ ನಾಲಿಗೆಯ ಮೇಲೆ ಸುಳಿದಾಡುವ ಪದಗಳು. ಪದವೊಂದರ ಬಳಕೆ ಹೆಚ್ಚಿದಷ್ಟೂ ಅದರ ಅರ್ಥಗಳೂ ಹೆಚ್ಚುತ್ತವೆ ಎಂಬ ಸಂಬಂಧವನ್ನು ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಕಿಂಗ್ಸ್‌ಲಿ ಜಿಪ್ಫ್ 1945ರಲ್ಲೇ ಅಂಕಿಗಳ ಮೂಲಕ ತೋರಿಸಿದ್ದರು.

ಆದರೆ 645 ಎಂಬ ಸಂಖ್ಯೆಯನ್ನು ಅಳತೆಗೋಲಿನಿಂದ ಅಳೆದ ಉದ್ದದಂತೆ ನಂಬಬೇಕಾಗಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮಿಲ್ಲರ್ ಅವರ ನೇತೃತ್ವದಲ್ಲಿ ರೂಪುಗೊಂಡ ವರ್ಡ್‌ನೆಟ್ ಎಂಬ ಪದಕೋಶ ಇದೇ ಕ್ರಿಯಾಪದಕ್ಕೆ 41 ಅರ್ಥಗಳನ್ನಷ್ಟೇ ಕೊಡುತ್ತದೆ. ಇಬ್ಬರೂ ನೋಡಿದ್ದು ಒಂದೇ ಭಾಷೆಯನ್ನು, ಒಂದೇ ಪದವನ್ನು. ಒಬ್ಬರು ಪ್ರತಿಯೊಂದು ಪ್ರಯೋಗದ ಚರಿತ್ರೆಯನ್ನೂ ಹಿಡಿದಿಡಲು ಸಣ್ಣಸಣ್ಣ ವ್ಯತ್ಯಾಸಗಳಿಗೂ ಬೇರೆ ಅಂಕೆ ಹಾಕಿದರು, ಇನ್ನೊಬ್ಬರು ಹತ್ತಿರದ ಬಳಕೆಗಳನ್ನು ಒಂದೇ ಗುಂಪಿಗೆ ಸೇರಿಸಿದರು. ಆದ್ದರಿಂದ ಒಂದು ಪದಕ್ಕೆ ಎಷ್ಟು ಅರ್ಥಗಳಿವೆ ಎಂದು ಕೇಳುವುದಕ್ಕಿಂತ, ಆ ಅರ್ಥಗಳು ಒಂದರಿಂದ ಇನ್ನೊಂದು ಹೇಗೆ ಹುಟ್ಟಿದವು ಎಂದು ಕೇಳುವುದು ನನಗೆ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ. ಅನುವಾದದ ಕೆಲಸ ಮಾಡುವವರಿಗಂತೂ ಈ ಎರಡನೆಯ ಪ್ರಶ್ನೆಯಿಂದಲೇ ಪ್ರಯೋಜನ ಹೆಚ್ಚು.

ಆ ಪ್ರಶ್ನೆಯನ್ನು ಹಿಡಿದು ಹೊರಟರೆ ಸಿಗುವ ಮೊದಲ ಉತ್ತರ ಅನಿರೀಕ್ಷಿತವಾದದ್ದು. ‘ರನ್’ ಎಂಬುದರ ಮೂಲ ಅರ್ಥ ಕಾಲುಗಳಿಂದ ಓಡುವುದು, ಮಿಕ್ಕದ್ದೆಲ್ಲ ಅದರ ಆಲಂಕಾರಿಕ ವಿಸ್ತರಣೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. ಪ್ರಾಚೀನ ಇಂಗ್ಲಿಷಿನ ‘ರಿನ್ನನ್’ ಎಂಬ ಕ್ರಿಯಾಪದ ಓಡುವುದಕ್ಕೂ ಹರಿಯುವುದಕ್ಕೂ ಸಲ್ಲುತ್ತಿತ್ತು. ಅದೇ ಕುಟುಂಬದ ಜರ್ಮನ್ ಭಾಷೆಯಲ್ಲಿ ಇಂದು ‘ರಿನ್ನನ್’ ಎಂದರೆ ನೀರು ಹರಿಯುವುದು, ಜಿನುಗುವುದು. ಮನುಷ್ಯರು ಓಡುವುದಕ್ಕೆ ‘ರೆನ್ನನ್’ ಎಂಬ ಬೇರೆ ಪದವಿದೆ. ಜರ್ಮನ್ ಬೇರ್ಪಡಿಸಿಕೊಂಡದ್ದನ್ನು ಇಂಗ್ಲಿಷ್ ಒಂದೇ ಪದದೊಳಗೆ ಉಳಿಸಿಕೊಂಡಿತು. ಹಾಗಾಗಿ ‘ನದಿ ರನ್ ಆಗುತ್ತದೆ’ ಎನ್ನುವ ಇಂಗ್ಲಿಷ್ ಮಾತಿನಲ್ಲಿ ಕವಿಯ ಕಲ್ಪನೆಯೇನೂ ಇಲ್ಲ. ನೀರಿನ ಹರಿವು ಆ ಪದದ ಹುಟ್ಟಿನಲ್ಲೇ ಇದ್ದ ಅರ್ಥ.

ಇಲ್ಲಿ ಕನ್ನಡಿಗರು ಒಂದು ಕ್ಷಣ ನಿಲ್ಲಬೇಕು. ನಮ್ಮ ‘ಹರಿ’ಯ ಹಳೆಯ ರೂಪ ‘ಪರಿ’. ಹಳಗನ್ನಡದಲ್ಲಿ ಅದು ಹರಿಯುವುದನ್ನೂ ಓಡುವುದನ್ನೂ ಸೂಚಿಸುತ್ತಿತ್ತು. ಯಾವ ನಂಟೂ ಇಲ್ಲದ ಎರಡು ಭಾಷಾಕುಟುಂಬಗಳು ನೀರಿನ ಚಲನೆಯನ್ನೂ ಪ್ರಾಣಿಯ ಓಟವನ್ನೂ ಒಂದೇ ಪದದಿಂದ ಹಿಡಿದಿದ್ದವು ಎಂಬುದು ನನಗೆ ತುಂಬ ಮುಖ್ಯವಾದ ಸಂಗತಿಯಾಗಿ ತೋರುತ್ತದೆ. ಎರಡರಲ್ಲೂ ಸಮಾನವಾಗಿರುವುದು ವೇಗವೊಂದೇ ಅಲ್ಲ. ತಡೆಯಿಲ್ಲದೆ, ನಡುವೆ ಕಡಿಯದೆ ಮುಂದಕ್ಕೆ ಸಾಗುವ ಗುಣ. ‘ರನ್’ ಎಂಬ ಪದದ ನೂರಾರು ಅರ್ಥಗಳ ತಳದಲ್ಲಿ ಇರುವುದು ಈ ಅಖಂಡವಾಗಿ ಸಾಗುವ ಗುಣವೇ ಎಂಬುದು ನನ್ನ ತಿಳಿವಳಿಕೆ. ಮನುಷ್ಯನ ಓಟ ಅದರ ಒಂದು ರೂಪ, ಬಹುಶಃ ಅತ್ಯಂತ ಎದ್ದು ಕಾಣುವ ರೂಪ. ಹಾಗೆಂದು ಅದೇ ಎಲ್ಲಕ್ಕೂ ತಾಯಿಬೇರು ಎನ್ನಲಾಗದು.

ಇದನ್ನು ಒಪ್ಪಿಕೊಂಡರೆ ಕನ್ನಡದ ಎಷ್ಟೋ ಪ್ರಯೋಗಗಳು ಹೊಸ ಬೆಳಕಿನಲ್ಲಿ ಕಾಣಿಸುತ್ತವೆ. ವಾಹನವೊಂದು ಮನುಷ್ಯನ ಮೇಲೆ ಸಾಗಿಹೋಗುವುದನ್ನು ಇಂಗ್ಲಿಷ್ ‘ರನ್ ಓವರ್’ ಎನ್ನುತ್ತದೆ. ನಮ್ಮ ಪತ್ರಿಕೆಗಳು ‘ಲಾರಿ ಹರಿದು ಸಾವು’ ಎಂದು ಬರೆಯುತ್ತವೆ. ಲಾರಿ ‘ಓಡಿ’ ಯಾರೂ ಸಾಯುವುದಿಲ್ಲ, ‘ಹರಿದು’ ಸಾಯುತ್ತಾರೆ. ಪುಟದ ಮೇಲೆ ಕಣ್ಣನ್ನು ‘ರನ್’ ಮಾಡಿಸುವ ಇಂಗ್ಲಿಷ್ ಮಾತಿಗೆ ನಮ್ಮಲ್ಲಿ ‘ದೃಷ್ಟಿ ಹರಿಸು’ ಎಂಬುದು ಸಿದ್ಧವಾಗಿದೆ, ಅದರ ಪಕ್ಕದಲ್ಲೇ ‘ಗಮನ ಹರಿಸು’ ಇದೆ. ತಲೆಮಾರುಗಳಿಂದ ಒಂದು ಕುಟುಂಬದಲ್ಲಿ ಕಾಣಿಸಿಕೊಳ್ಳುವ ಗುಣವನ್ನು ಇಂಗ್ಲಿಷ್ ಆ ಕುಟುಂಬದಲ್ಲಿ ‘ರನ್’ ಆಗುತ್ತದೆ ಎಂದರೆ, ನಾವು ‘ರಕ್ತದಲ್ಲೇ ಹರಿದು ಬಂದಿದೆ’ ಎನ್ನುತ್ತೇವೆ. ಜನ ಹರಿದು ಬರುತ್ತಾರೆ, ಹಣ ಹರಿದು ಬರುತ್ತದೆ, ಹಾವು ಹರಿದು ಹೋಗುತ್ತದೆ. ಬೆಳಕು ಹರಿಯುತ್ತದೆ ಎಂಬಲ್ಲಿ ಮಾತ್ರ ಇಂಗ್ಲಿಷಿನ ‘ರನ್’ ನಮ್ಮ ಜೊತೆ ಬರುವುದಿಲ್ಲ, ಅವರಿಗೆ ಬೆಳಗು ಒಡೆಯುತ್ತದೆ. ಉಳಿದಂತೆ ‘ರನ್’ ಎಂಬುದಕ್ಕೆ ಕನ್ನಡದಲ್ಲಿ ‘ಓಡು’ವಿನಷ್ಟೇ ಹತ್ತಿರದ ಜೊತೆಗಾರ ‘ಹರಿ’. ಶಾಲೆಯ ಪುಸ್ತಕ ಅದನ್ನು ಹೇಳಿಕೊಡುವುದಿಲ್ಲ ಎಂಬುದು ನನ್ನ ದೊಡ್ಡ ಕೊರಗು.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಕಾಲುಚೀಲದ ಎಳೆಯೊಂದು ಬಿಟ್ಟು ಉದ್ದಕ್ಕೆ ಸೀಳಿಕೊಂಡರೆ ಅಮೆರಿಕದವರು ಅದನ್ನು ‘ರನ್’ ಎನ್ನುತ್ತಾರೆ, ಬ್ರಿಟನ್ನಿನವರು ಅದೇ ಸೀಳನ್ನು ‘ಲ್ಯಾಡರ್’ ಎನ್ನುತ್ತಾರೆ. ಕನ್ನಡದಲ್ಲಿ ಬಟ್ಟೆ ‘ಹರಿಯುತ್ತದೆ’. ಇದನ್ನು ಕಂಡ ಕೂಡಲೇ ಎರಡು ಭಾಷೆಗಳು ಇಲ್ಲಿಯೂ ಒಂದೇ ದಾರಿ ಹಿಡಿದಿವೆ ಎಂದು ಹಿಗ್ಗುವ ಆಸೆಯಾಗುತ್ತದೆ. ಆದರೆ ಅಮೆರಿಕದವರ ಕಣ್ಣಿಗೆ ಬಿದ್ದದ್ದು ಎಳೆ ಬಿಡುತ್ತ ಬಿಡುತ್ತ ಸೀಳು ಕೆಳಕ್ಕೆ ಸಾಗುವ ರೀತಿ. ನಮ್ಮ ‘ಹರಿ’ಯಲ್ಲಿ ತುಂಡಾಗುವುದು, ಕಡಿದುಹೋಗುವುದು ಎಂಬ ಅರ್ಥದ ಧಾತುವನ್ನು ದ್ರಾವಿಡ ಪದಮೂಲಗಳ ಅಧ್ಯಯನಕಾರರು ಹರಿವಿನ ಧಾತುವಿನಿಂದ ಬೇರೆಯಾಗಿಯೇ ಇಟ್ಟಿದ್ದಾರೆ. ರೂಪ ಒಂದಾದ ಮಾತ್ರಕ್ಕೆ ಪದ ಒಂದೇ ಆಗಬೇಕೆಂದಿಲ್ಲ.

ಇಂಗ್ಲಿಷಿನ ‘ರನ್’ ಇಷ್ಟು ಹಬ್ಬಲು ಇನ್ನೊಂದು ಕಾರಣವಿದೆ, ಅದು ವ್ಯಾಕರಣಕ್ಕೆ ಸೇರಿದ್ದು. ಕನ್ನಡದಲ್ಲಿ ‘ಓಡು’ ಅಕರ್ಮಕ, ‘ಓಡಿಸು’ ಪ್ರೇರಣಾರ್ಥಕ. ಕುದುರೆ ಓಡುತ್ತದೆ, ಸವಾರ ಕುದುರೆಯನ್ನು ಓಡಿಸುತ್ತಾನೆ. ‘ಇಸು’ ಎಂಬ ಪ್ರತ್ಯಯ ನಡುವೆ ನಿಂತು ಯಾರು ಓಡಿದರು, ಯಾರು ಓಡಿಸಿದರು ಎಂಬುದನ್ನು ಖಚಿತಪಡಿಸುತ್ತದೆ. ಪ್ರಾಚೀನ ಇಂಗ್ಲಿಷಿನಲ್ಲಿಯೂ ತಾನೇ ಓಡುವುದಕ್ಕೆ ಒಂದು ರೂಪ, ಓಡಿಸುವುದಕ್ಕೆ ಅದಕ್ಕೆ ನಂಟಿರುವ ಇನ್ನೊಂದು ರೂಪ ಇದ್ದವು. ಸ್ಕ್ಯಾಂಡಿನೇವಿಯಾದಿಂದ ಬಂದವರ ಭಾಷೆಯ ಪ್ರಭಾವವೂ ಸೇರಿ ಕಾಲಕ್ರಮದಲ್ಲಿ ಅವೆರಡೂ ಒಂದೇ ಪದವಾಗಿ ಬೆರೆತುಹೋದವು. ಅಂದಿನಿಂದ ‘ರನ್’ ಎಂದರೆ ಓಡು ಮತ್ತು ಓಡಿಸು, ಹರಿ ಮತ್ತು ಹರಿಸು, ನಡೆ ಮತ್ತು ನಡೆಸು. ಕುದುರೆಯನ್ನು ‘ರನ್’ ಮಾಡಬಹುದಾದರೆ ಯಂತ್ರವನ್ನೂ ಮಾಡಬಹುದು. ಯಂತ್ರವನ್ನು ಮಾಡಬಹುದಾದರೆ ಯಂತ್ರಗಳಿಂದ ತುಂಬಿದ ಕಾರ್ಖಾನೆಯನ್ನು, ಕಾರ್ಖಾನೆಯಾದ ಮೇಲೆ ಕಚೇರಿಯನ್ನು, ಕಚೇರಿಯಾದ ಮೇಲೆ ದೇಶವನ್ನು. ಉಗಿಯಂತ್ರಗಳು ಬಂದ ಮೇಲೆ ಈ ದಾರಿ ಬಹಳ ಅಗಲವಾಯಿತು. ಅದುವರೆಗೆ ತಾವಾಗಿಯೇ ಸಾಗುತ್ತಿದ್ದವು ಪ್ರಾಣಿಗಳು ಮತ್ತು ನೀರು. ಈಗ ಮನುಷ್ಯ ಮಾಡಿದ ವಸ್ತುಗಳೂ ಎಡೆಬಿಡದೆ ಸಾಗತೊಡಗಿದವು, ಅವುಗಳಿಗೊಂದು ಕ್ರಿಯಾಪದ ಬೇಕಾಗಿತ್ತು.

ಈ ಜಾಗದಲ್ಲಿ ಕನ್ನಡ ಬೇರೆಯೇ ಆಯ್ಕೆ ಮಾಡಿಕೊಂಡಿದೆ. ನಾವು ಸಂಸ್ಥೆಯನ್ನು ಓಡಿಸುವುದಿಲ್ಲ, ನಡೆಸುತ್ತೇವೆ. ಅಂಗಡಿ ನಡೆಯುತ್ತದೆ, ಸಂಸಾರ ನಡೆಯುತ್ತದೆ, ಸರ್ಕಾರ ನಡೆಯುತ್ತದೆ, ಪಾಠ ನಡೆಯುತ್ತದೆ. ಇಂಗ್ಲಿಷಿಗೆ ಓಟ ಬೇಕಾದಲ್ಲಿ ಕನ್ನಡಕ್ಕೆ ನಡಿಗೆ ಸಾಕು. ಫ್ರೆಂಚರೂ ಯಂತ್ರ ಕೆಲಸ ಮಾಡುತ್ತಿದೆ ಎನ್ನಲು ‘ಮಾರ್ಶೆ’ ಎಂಬ ನಡಿಗೆಯ ಪದವನ್ನೇ ಬಳಸುತ್ತಾರೆ. ಜರ್ಮನರು ‘ಲೌಫನ್’ ಎಂಬ ಓಟದ ಪದವನ್ನು ಬಳಸುತ್ತಾರೆ, ಅವರ ಮೂಗೂ ನೆಗಡಿಯಾದಾಗ ‘ಓಡುತ್ತದೆ’. ಯಾರಿಗೆ ಆತುರ ಹೆಚ್ಚು, ಯಾರಿಗೆ ತಾಳ್ಮೆ ಹೆಚ್ಚು ಎಂದು ಇದರಿಂದ ತೀರ್ಮಾನಿಸಲು ಹೊರಡುವುದು ಸರಿಯಲ್ಲ. ಹಾಗೆ ಹೊರಟರೆ ನಮ್ಮ ಚಲನಚಿತ್ರಗಳು ಏಕೆ ನೂರು ದಿನ ‘ಓಡುತ್ತವೆ’, ಗಡಿಯಾರ ಏಕೆ ಓಡುತ್ತದೆ, ಲೆಕ್ಕ ಕೊಟ್ಟ ಕೂಡಲೇ ಕೆಲವರ ತಲೆ ಏಕೆ ಓಡುವುದಿಲ್ಲ ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ. ಕಂಪ್ಯೂಟರಿನ ವಿಷಯದಲ್ಲಿ ನಾವು ‘ರನ್ ಮಾಡು’ ಎಂದು ಪದವನ್ನೇ ಎತ್ತಿಕೊಂಡಿದ್ದೇವೆ, ಇಲ್ಲವೇ ಸಂಸ್ಕೃತದ ‘ಚಲ್’ ಧಾತುವಿನಿಂದ ಬಂದ ‘ಚಾಲನೆ’ಯ ಮೊರೆ ಹೋಗಿದ್ದೇವೆ. ಎರಡೂ ಚಲಾವಣೆಯಲ್ಲಿವೆ, ಎರಡಕ್ಕೂ ನನ್ನ ಆಕ್ಷೇಪವಿಲ್ಲ.

ಕಂಪ್ಯೂಟರಿನ ಉದಾಹರಣೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. 1948ರ ಜೂನ್ 21ರಂದು ಮ್ಯಾಂಚೆಸ್ಟರ್‌ನಲ್ಲಿ ‘ಬೇಬಿ’ ಎಂಬ ಅಡ್ಡಹೆಸರಿನ ಯಂತ್ರ, ತನ್ನದೇ ಸ್ಮೃತಿಯಲ್ಲಿ ಸಂಗ್ರಹಿಸಿಟ್ಟ ಪ್ರೋಗ್ರಾಂ ಒಂದನ್ನು ಮೊದಲ ಬಾರಿಗೆ ‘ರನ್’ ಮಾಡಿತು. 17 ಸೂಚನೆಗಳ ಆ ಪ್ರೋಗ್ರಾಂ ಒಂದು ಸಂಖ್ಯೆಗೆ ಆ ಸಂಖ್ಯೆಯನ್ನೇ ಬಿಟ್ಟು ಉಳಿದವುಗಳಲ್ಲಿ ಅತಿ ದೊಡ್ಡದಾದ ಅಪವರ್ತನವನ್ನು ಹುಡುಕುತ್ತ 52 ನಿಮಿಷ ಸಾಗಿ ಸರಿಯುತ್ತರದೊಂದಿಗೆ ನಿಂತಿತು. ಆ 52 ನಿಮಿಷ ನೋಡುಗರ ಕಣ್ಣೆದುರು ಯಾವ ಗಾಲಿಯೂ ತಿರುಗಲಿಲ್ಲ, ಯಾವ ವಸ್ತುವೂ ಜಾಗ ಬಿಟ್ಟು ಕದಲಲಿಲ್ಲ. ಸಾಗಿದ್ದು ಒಂದು ಸೂಚನೆಯಿಂದ ಮುಂದಿನ ಸೂಚನೆಗೆ ದಾಟುವ ಕ್ರಮ ಮಾತ್ರ. ‘ರನ್’ ಎಂಬುದರ ಅರ್ಥ ಓಟವೇ ಆಗಿದ್ದರೆ ಇಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಎಡೆಬಿಡದೆ ಮುಂದುವರಿಯುವುದು ಎಂದಾಗಿದ್ದರಿಂದ ಅದು ಹೊಲಿದಿಟ್ಟಂತೆ ಹೊಂದಿಕೊಂಡಿತು.

ಏನೂ ಚಲಿಸದ ಕಡೆಯೂ ಈ ಪದ ಬರುತ್ತದೆ. ರಸ್ತೆ ಕಣಿವೆಯ ಉದ್ದಕ್ಕೂ ‘ರನ್’ ಆಗುತ್ತದೆ, ಬೇಲಿ ಹೊಲದ ಅಂಚಿನಲ್ಲಿ ‘ರನ್’ ಆಗುತ್ತದೆ, ಗಡಿರೇಖೆ ಬೆಟ್ಟದ ಮೇಲೆ ‘ರನ್’ ಆಗುತ್ತದೆ. ಕನ್ನಡದಲ್ಲಿಯೂ ರಸ್ತೆ ಹಾದುಹೋಗುತ್ತದೆ, ಬೆಟ್ಟದ ಸಾಲು ದಕ್ಷಿಣಕ್ಕೆ ಸಾಗುತ್ತದೆ. ನಿಂತಿರುವ ವಸ್ತುವಿಗೆ ಚಲನೆಯ ಕ್ರಿಯಾಪದ ಹಚ್ಚುವ ಈ ಪದ್ಧತಿಗೆ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ‘ಕಲ್ಪಿತ ಚಲನೆ’ ಎಂಬರ್ಥದ ಹೆಸರಿಟ್ಟರು. ಇದು ಬರೀ ಮಾತಿನ ಸೌಕರ್ಯವೋ, ಓದುಗರ ಮನಸ್ಸು ನಿಜಕ್ಕೂ ಆ ರಸ್ತೆಯ ಮೇಲೆ ಸಾಗುತ್ತದೆಯೋ ಎಂಬುದನ್ನು ಟೀನಿ ಮ್ಯಾಟ್ಲಾಕ್ ಪ್ರಯೋಗದಿಂದಲೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಓದುಗರಿಗೆ ಮೊದಲು ಒಂದು ಪ್ರಯಾಣದ ಕತೆ ಕೊಡಲಾಗಿತ್ತು. ಕೆಲವರಿಗೆ ವೇಗದ ಪ್ರಯಾಣ, ಕೆಲವರಿಗೆ ನಿಧಾನದ ಪ್ರಯಾಣ. ಅನಂತರ, ರಸ್ತೆಯೊಂದು ಆ ಪ್ರದೇಶವನ್ನು ಹಾದುಹೋಗುತ್ತದೆ ಎಂಬಂಥ ಒಂದು ವಾಕ್ಯ. ನಿಧಾನದ ಪ್ರಯಾಣವನ್ನು ಓದಿದವರು ಆ ವಾಕ್ಯವನ್ನು ಗ್ರಹಿಸಲು ಹೆಚ್ಚು ಹೊತ್ತು ತೆಗೆದುಕೊಂಡರು. ಚಲನೆಯ ಕ್ರಿಯಾಪದವಿಲ್ಲದ ವಾಕ್ಯಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ರಸ್ತೆ ಚಲಿಸದಿದ್ದರೂ ಅದನ್ನು ಓದುವ ಮನಸ್ಸು ಚಲಿಸುತ್ತಿತ್ತು. ಹಾಗಾಗಿ ‘ಹಾದುಹೋಗುತ್ತದೆ’ ಎಂಬಲ್ಲಿ ‘ಇದೆ’ ಎಂದು ಬರೆದು ಅನುವಾದವನ್ನು ಸರಳಗೊಳಿಸುವವರು ಓದುಗರಿಂದ ಒಂದು ಪುಟ್ಟ ಪ್ರಯಾಣವನ್ನು ಕಿತ್ತುಕೊಳ್ಳುತ್ತಾರೆ ಎಂಬುದು ನನ್ನ ಅಭಿಪ್ರಾಯ.

‘ರನ್’ ಎಂಬುದರ ಹಿಂದೆ ಅಂಟಿಕೊಳ್ಳುವ ಪುಟ್ಟ ಪದಗಳ ಕತೆಯೇ ಒಂದು ಕಾಡು. ಅವನ್ನೆಲ್ಲ ಇಲ್ಲಿ ಎಳೆದು ತರುವುದಿಲ್ಲ. ಮೂರನ್ನು ನೋಡಿದರೆ ಉಳಿದವುಗಳ ಸ್ವಭಾವ ತಿಳಿಯುತ್ತದೆ. ‘ರನ್ ಔಟ್’ ಎಂದರೆ ತೀರಿಹೋಗುವುದು: ಎಣ್ಣೆ ತೀರುತ್ತದೆ, ತಾಳ್ಮೆ ತೀರುತ್ತದೆ, ಕಾಲ ತೀರುತ್ತದೆ. ಪಾತ್ರೆಯಿಂದ ದ್ರವ ಪೂರ್ತಿ ಹೊರಗೆ ಹರಿದುಹೋದಂತೆ ಭಾವಿಸಿಕೊಂಡರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಓಟವನ್ನು ಹಿಡಿದು ಕುಳಿತರೆ ಎಂದಿಗೂ ಬಿಚ್ಚಿಕೊಳ್ಳದು. ‘ರನ್ ಡೌನ್’ ಇದಕ್ಕಿಂತ ತೊಡಕಿನದು. ಬ್ಯಾಟರಿ ಶಕ್ತಿ ಕಳೆದುಕೊಳ್ಳುವುದು, ಕಟ್ಟಡ ಪಾಳುಬೀಳುವುದು, ವಾಹನ ಮನುಷ್ಯನನ್ನು ಕೆಡವುವುದು, ಒಬ್ಬರನ್ನು ಹೀಗಳೆಯುವುದು, ಹುಡುಕಿ ಹುಡುಕಿ ಕೊನೆಗೆ ಹಿಡಿಯುವುದು ಎಲ್ಲವೂ ಅದೇ. ಪಟ್ಟಿಯೊಂದನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋಗುವುದೂ ಅದೇ. ಇವುಗಳಲ್ಲಿ ಕೆಲವು ಹರಿವಿನಿಂದ ಬಂದವು, ಕೆಲವು ಬೇಟೆಯ ಓಟದಿಂದ ಬಂದವು. ‘ರನ್ ಥ್ರೂ’ ಎಂದರೆ ನಾಟಕದ ತಾಲೀಮನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನಡೆಸುವುದು, ಕೈಯಲ್ಲಿದ್ದ ಹಣವನ್ನೆಲ್ಲ ಖರ್ಚು ಮಾಡಿ ಮುಗಿಸುವುದು, ಕತ್ತಿಯನ್ನು ಮೈಯಿಂದ ಆಚೆಗೆ ಹಾಯಿಸುವುದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಡೆಯಿಲ್ಲದೆ ಹೋಗುವುದು ಎಂಬ ತಿರುಳು ಮೂರಕ್ಕೂ ಒಂದೇ. ಹೋದದ್ದು ಕತ್ತಿಯೋ ಕಲಾವಿದರೋ ಎಂಬುದರ ಮೇಲೆ ಉಳಿದದ್ದು ನಿಂತಿದೆ.

ನಾಮಪದವಾದ ‘ರನ್’ ಎಂದ ಕೂಡಲೇ ಕನ್ನಡಿಗರಿಗೆ ಬೇರೇನೂ ನೆನಪಾಗುವ ಮೊದಲೇ ಕ್ರಿಕೆಟ್ ನೆನಪಾಗುತ್ತದೆ. ಅಲ್ಲಿ ಅದು ನಿಜವಾದ ಓಟವೇ. ಒಂದು ಪಾಪಿಂಗ್ ಕ್ರೀಸಿನಿಂದ ಇನ್ನೊಂದಕ್ಕೆ 58 ಅಡಿ, ಇಬ್ಬರೂ ಬ್ಯಾಟರುಗಳು ಆ ದೂರವನ್ನು ದಾಟಿ ಪರಸ್ಪರ ಜಾಗ ಬದಲಿಸಿದರೆ ಒಂದು ರನ್. ಹಿಂದಿನ ಕಾಲದಲ್ಲಿ ಅಂಕ ಬರೆಯುವವರು ಪ್ರತಿ ಓಟಕ್ಕೆ ಕೋಲಿನ ಮೇಲೆ ಒಂದು ಕಚ್ಚು ಹಾಕುತ್ತಿದ್ದುದರಿಂದ ರನ್ನುಗಳನ್ನು ‘ನಾಚ್’ ಎಂದೇ ಕರೆಯುತ್ತಿದ್ದರು. ಆಟ ಬೆಳೆದಂತೆ ಓಟ ಮತ್ತು ರನ್ ಬೇರೆಬೇರೆಯಾದವು. ಚೆಂಡು ಗೆರೆ ದಾಟಿದರೆ ಒಬ್ಬರೂ ಹೆಜ್ಜೆ ಎತ್ತಿಡದೆ ನಾಲ್ಕು ರನ್, ನೋಬಾಲ್ ಬಿದ್ದರೆ ಬ್ಯಾಟ್ ಬೀಸದೆಯೂ ಒಂದು. ಬೇಸ್‌ಬಾಲ್‌ನಲ್ಲಿ 90 ಅಡಿಗಳ ನಾಲ್ಕು ಬದಿಗಳನ್ನು ಸುತ್ತಿ ಬಂದರೆ ಒಂದು ರನ್, ಅಂದರೆ ಕ್ರಿಕೆಟಿನ ರನ್ನಿನ ಆರು ಪಟ್ಟಿಗಿಂತಲೂ ಹೆಚ್ಚು ದೂರ. ಕನ್ನಡದ ಕ್ರೀಡಾ ಬರಹಗಾರರು ‘ರನ್’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡು, ಅದು ಹೆಚ್ಚಾದಾಗ ‘ರನ್ ಹೊಳೆ ಹರಿಸಿದರು’ ಎಂದು ಬರೆಯುತ್ತಾರೆ. ಇಂಗ್ಲಿಷ್ ಪದದ ಒಳಗಿದ್ದ ಹಳೆಯ ನೀರನ್ನು ಅವರು ತಿಳಿಯದೆಯೇ ಮತ್ತೆ ಹೊರತಂದಿದ್ದಾರೆ.

ಬ್ಯಾಂಕಿನ ‘ರನ್’ ಇನ್ನೊಂದು ಬಗೆಯದು. ಠೇವಣಿ ಇಟ್ಟವರೆಲ್ಲ ಒಂದೇ ಸಮಯಕ್ಕೆ ತಮ್ಮ ಹಣವನ್ನು ಹಿಂದಕ್ಕೆ ಕೇಳುವ ಸ್ಥಿತಿಗೆ ಆ ಹೆಸರು. ಬ್ಯಾಂಕು ಠೇವಣಿಯ ಬಹುಪಾಲನ್ನು ಸಾಲವಾಗಿ ಕೊಟ್ಟಿರುವುದರಿಂದ ಎಲ್ಲರಿಗೂ ಒಮ್ಮೆಲೇ ಕೊಡುವಷ್ಟು ನಗದು ಅದರ ಬಳಿ ಇರುವುದಿಲ್ಲ; ಬೇರೆಯವರು ಹೋಗುತ್ತಾರೆ ಎಂಬ ಭಯವೇ ಪ್ರತಿಯೊಬ್ಬರನ್ನೂ ಹೊರಡಿಸುತ್ತದೆ, ಗಟ್ಟಿಯಾಗಿದ್ದ ಬ್ಯಾಂಕೂ ಆ ಭಯದಿಂದಲೇ ಕುಸಿಯಬಹುದು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಉದ್ದದ ಸಾಲುಗಳಲ್ಲಿ ನಿಂತಿದ್ದರು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನದಲ್ಲಿ 42 ಶತಕೋಟಿ ಡಾಲರ್ ತೆಗೆಯಲು ಮುಂದಾದರು, ಮರುದಿನವೇ ಬ್ಯಾಂಕು ಮುಚ್ಚಿತು. ಮೊದಲನೆಯದರಲ್ಲಿ ಜನ ನಿಂತಿದ್ದರು, ಎರಡನೆಯದರಲ್ಲಿ ಬಹುಪಾಲು ಗ್ರಾಹಕರು ಕುಳಿತಲ್ಲಿಂದಲೇ ಪರದೆಯ ಮೇಲೆ ಬೆರಳಾಡಿಸಿದರು. ಓಡಿದವರು ಯಾರೂ ಇಲ್ಲ, ಆದರೂ ಎರಡೂ ‘ರನ್’. ಕನ್ನಡದಲ್ಲಿ ಇದಕ್ಕೆ ‘ಓಟ’ ಎಂದರೆ ಓದುಗರಿಗೆ ಏನೂ ತಿಳಿಯದು; ಜನ ಹಣ ಹಿಂಪಡೆಯಲು ‘ಮುಗಿಬಿದ್ದರು’ ಎಂದರೆ ಗುಂಪು, ಆತುರ, ಭಯ ಮೂರೂ ಕಣ್ಣಿಗೆ ಕಟ್ಟುತ್ತವೆ.

ಇಷ್ಟೆಲ್ಲ ಅರ್ಥಗಳ ನಡುವೆ ಇಂಗ್ಲಿಷ್ ಮಾತಾಡುವವರು ಗೊಂದಲಕ್ಕೆ ಬೀಳದಿರುವುದು ಹೇಗೆ ಎಂಬ ಪ್ರಶ್ನೆ ಹಳೆಯದು. ಒಂದು ಪದಕ್ಕೆ ಹಲವು ಅರ್ಥಗಳಿರುವ ಸ್ಥಿತಿಗೆ ‘ಪಾಲಿಸೆಮಿ’ ಎಂಬ ಹೆಸರನ್ನು ಚಲಾವಣೆಗೆ ತಂದ ಫ್ರೆಂಚ್ ವಿದ್ವಾಂಸ ಮಿಶೆಲ್ ಬ್ರೆಯಾಲ್, 1897ರಲ್ಲಿ ಇದಕ್ಕೆ ನೇರವಾದ ಉತ್ತರವನ್ನೇ ಕೊಟ್ಟಿದ್ದರು: ಪದ ಬರುವ ಸಂದರ್ಭ ಎಷ್ಟು ಬಿಗಿಯಾಗಿರುತ್ತದೆಯೆಂದರೆ ಉಳಿದ ಅರ್ಥಗಳನ್ನು ಬದಿಗೆ ತಳ್ಳುವ ಶ್ರಮವೂ ಬೇಕಾಗದು, ಅವು ಮನಸ್ಸಿಗೆ ಬರುವುದೇ ಇಲ್ಲ. ಬಹುಕಾಲ ಇದು ಸರಿಯೆನಿಸಿತ್ತು. 1979ರಲ್ಲಿ ಡೇವಿಡ್ ಸ್ವಿನ್ನಿ ನಡೆಸಿದ ಪ್ರಯೋಗ ಅದನ್ನು ಅಲುಗಾಡಿಸಿತು. ಹುಳುಗಳು ಎಂದೂ ಕದ್ದು ಕೇಳುವ ಸಾಧನಗಳು ಎಂದೂ ಅರ್ಥವಿರುವ ‘ಬಗ್ಸ್’ ಎಂಬಂಥ ಪದಗಳನ್ನು ವಾಕ್ಯದಲ್ಲಿ ಕೇಳಿಸಿ, ಅದೇ ಕ್ಷಣಕ್ಕೆ ತೆರೆಯ ಮೇಲೆ ಇನ್ನೊಂದು ಪದ ತೋರಿಸಿದಾಗ, ಸಂದರ್ಭ ಎಷ್ಟೇ ಸ್ಪಷ್ಟವಾಗಿದ್ದರೂ ಎರಡೂ ಅರ್ಥಗಳಿಗೆ ಸಂಬಂಧಪಟ್ಟ ಪದಗಳನ್ನು ಜನ ಬೇಗ ಗುರುತಿಸಿದರು. ಮೂರು ಉಚ್ಚಾರಾಂಶಗಳಷ್ಟು ಮುಂದೆ ಹೋದ ಮೇಲೆ ಪರೀಕ್ಷಿಸಿದರೆ ಸಂದರ್ಭಕ್ಕೆ ಹೊಂದುವ ಅರ್ಥವೊಂದೇ ಉಳಿದಿತ್ತು. ಅಂದರೆ ಬೇಡದ ಅರ್ಥವೂ ಕ್ಷಣಮಾತ್ರ ಬಾಗಿಲಿಗೆ ಬಂದು ಹೋಗುತ್ತದೆ, ನಮಗೆ ಅದರ ಅರಿವಾಗುವುದಿಲ್ಲ.

ಆದರೆ ‘ಬಗ್ಸ್’ ಮತ್ತು ‘ರನ್’ ಒಂದೇ ಜಾತಿಯವಲ್ಲ. ಮೊದಲನೆಯದರ ಎರಡು ಅರ್ಥಗಳು ಇಂದಿನ ಕೇಳುಗರಿಗೆ ಪರಸ್ಪರ ದೂರದವಾಗಿ ತೋರುತ್ತವೆ. ಎರಡನೆಯದರ ಅರ್ಥಗಳು ಒಂದೇ ಬಳಗದವು. ಈ ಭೇದ ಎಷ್ಟು ಮುಖ್ಯ ಎಂಬುದನ್ನು 2002ರಲ್ಲಿ ಜೆನಿಫರ್ ರಾಡ್ ಮತ್ತು ಸಂಗಡಿಗರು ತೋರಿಸಿದರು. ಸಂಬಂಧವಿಲ್ಲದ ಅರ್ಥಗಳು ಹೆಚ್ಚಿದ್ದರೆ ಪದವನ್ನು ಗುರುತಿಸುವುದು ನಿಧಾನವಾಗುತ್ತದೆ, ಒಂದಕ್ಕೊಂದು ನಂಟಿರುವ ಅರ್ಥಗಳು ಹೆಚ್ಚಿದ್ದರೆ ಬೇಗವಾಗುತ್ತದೆ ಎಂಬುದು ಅವರ ಫಲಿತಾಂಶ. ನಂಟಿರುವ ಅರ್ಥಗಳ ಬಾಹುಳ್ಯ ಮನಸ್ಸಿಗೆ ಹೊರೆಯಾಗುವುದಿಲ್ಲ, ಆಸರೆಯಾಗುತ್ತದೆ. 645 ಅರ್ಥಗಳ ಪಟ್ಟಿಯನ್ನು ಕಂಡು ಇಂಗ್ಲಿಷ್ ಕಲಿಯುವವರು ಎದೆಗುಂದಬೇಕಾಗಿಲ್ಲ ಎಂದು ನಾನು ಧೈರ್ಯವಾಗಿ ಹೇಳುವುದು ಇದರಿಂದಲೇ. ನಂಟು ಕಾಣಿಸಿದವರಿಗೆ ಅದು ಉರು ಹೊಡೆಯುವ ಪಟ್ಟಿಯಾಗಿ ಉಳಿಯುವುದಿಲ್ಲ.

ಅನುವಾದ ಮಾಡುವಾಗ ನಾನು ಅನುಸರಿಸುವ ಕ್ರಮವೂ ಇದರಿಂದಲೇ ಹುಟ್ಟಿದ್ದು. ‘ರನ್’ ಎದುರಾದಾಗ ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳುವುದಕ್ಕೆ ಮೊದಲು, ಇಲ್ಲಿ ಸಾಗುತ್ತಿರುವುದು ಏನು ಎಂದು ಕೇಳಿಕೊಳ್ಳುತ್ತೇನೆ. ಸಾಗುತ್ತಿರುವುದು ಪ್ರಾಣಿಯಾದರೆ ಓಡುತ್ತದೆ, ನೀರಾದರೆ ಹರಿಯುತ್ತದೆ, ಮೂಗಾದರೆ ಸೋರುತ್ತದೆ, ಒಗೆದ ಬಟ್ಟೆಯ ಬಣ್ಣವಾದರೆ ಬಿಡುತ್ತದೆ, ಸಂಸ್ಥೆಯಾದರೆ ನಡೆಯುತ್ತದೆ, ದಾರಿಯಾದರೆ ಹಾಯುತ್ತದೆ, ಕರಾರಾದರೆ ಜಾರಿಯಲ್ಲಿರುತ್ತದೆ. ಕನ್ನಡ ಇಲ್ಲಿ ಬಡವಾಗಿದೆ, ಒಂದೇ ಪದದಲ್ಲಿ ಹೇಳಲಾಗದೆ ಹಲವನ್ನು ಹುಡುಕುತ್ತಿದೆ ಎಂದು ಕೆಲವರು ಮರುಗುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಇಂಗ್ಲಿಷ್ ಒಂದು ಕ್ರಿಯಾಪದಕ್ಕೆ ವಹಿಸಿ ಕರ್ತೃಪದದಿಂದ ತಿಳಿದುಕೊಳ್ಳಿ ಎಂದು ಬಿಟ್ಟದ್ದನ್ನು ಕನ್ನಡ ಕ್ರಿಯಾಪದದಲ್ಲಿಯೇ ಹೇಳಿಬಿಡುತ್ತದೆ. ಬೇರೆ ಕಡೆಗಳಲ್ಲಿ ನಮ್ಮ ‘ಹಾಕು’, ‘ಹಿಡಿ’, ‘ಬೀಳು’, ‘ಹೊಡೆ’ಗಳು ಇದೇ ಆಟ ಆಡುತ್ತವೆ. ಬೀಗ ಹಾಕುವುದು, ಲೆಕ್ಕ ಹಾಕುವುದು, ಬಟ್ಟೆ ಹಾಕುವುದು, ಮೊಟ್ಟೆ ಹಾಕುವುದು, ಕಣ್ಣು ಹಾಕುವುದು ಎಂಬ ಐದನ್ನು ಇಂಗ್ಲಿಷಿಗೆ ತರಲು ಹೊರಟ ಅನುವಾದಕರಿಗೂ ಒಂದೇ ಪದ ಸಾಕಾಗುವುದಿಲ್ಲ.

ಆದ್ದರಿಂದ ಕನ್ನಡಕ್ಕಾಗಿ ಹೊಸದೊಂದು ಇಂಗ್ಲಿಷ್ ನಿಘಂಟು ರೂಪುಗೊಳ್ಳುವುದಾದರೆ, ‘ರನ್’ ಎಂಬ ನಮೂದಿನ ಕೆಳಗೆ ಓಡು, ಹರಿ, ನಡೆ, ಸ್ಪರ್ಧಿಸು ಎಂದು ಅಲ್ಪವಿರಾಮ ಹಾಕುತ್ತ ಸಾಲಾಗಿ ಜೋಡಿಸುವ ಪದ್ಧತಿಯನ್ನು ಬಿಟ್ಟು, ಕರ್ತೃವಿನ ಸ್ಥಾನದಲ್ಲಿ ಏನು ಬಂದರೆ ಯಾವ ಕನ್ನಡ ಕ್ರಿಯಾಪದ ಎಂಬ ಕ್ರಮದಲ್ಲಿ ಅದನ್ನು ಬರೆಯಬೇಕೆಂಬುದು ನನ್ನ ಆಸೆ. ಜೊತೆಗೆ, ಆ ಬಳಕೆ ಯಾವ ದೇಶದ ಇಂಗ್ಲಿಷಿನದು ಎಂಬುದೂ ಅಲ್ಲಿ ನಮೂದಾಗಬೇಕು. ಚುನಾವಣೆಯ ಮಾತನ್ನೇ ತೆಗೆದುಕೊಳ್ಳಿ. ಅಮೆರಿಕದ ಅಭ್ಯರ್ಥಿ ಅಧಿಕಾರಕ್ಕಾಗಿ ‘ರನ್’ ಆಗುತ್ತಾರೆ, ಜೊತೆಗಿರುವ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಗೆ ಕುದುರೆ ಪಂದ್ಯದಿಂದ ಬಂದ ‘ರನ್ನಿಂಗ್ ಮೇಟ್’ ಎಂಬ ಹೆಸರಿದೆ. ಬ್ರಿಟನ್ನಿನ ಅಭ್ಯರ್ಥಿ ಅದೇ ಕೆಲಸಕ್ಕೆ ‘ಸ್ಟ್ಯಾಂಡ್’ ಆಗುತ್ತಾರೆ. ಕನ್ನಡದಲ್ಲಿ ಎರಡಕ್ಕೂ ಸಹಜವಾದ ಮಾತು ಒಂದೇ: ಚುನಾವಣೆಗೆ ನಿಲ್ಲುವುದು.